ತಂಗಿ ಮಕ್ಕಳ ಕ್ಯಾನ್ಸರ್ ಡಾಕ್ಟರ್ ಆಗುತ್ತಾಳಂತೆ, ಓದಿ ಬಂದರೆ ಕಾಸರಗೋಡಿನಲ್ಲಿ ಕೆಲಸ ಉಂಟಾ?

ಪೆರ್ಲದ ಅಣ್ಣ
ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ನನ್ನ ತಂಗಿ ಎಂಡಿ ಪೀಡಿಯಾಟ್ರಿಕ್ಸ್ ಕೊನೆಯ ವರ್ಷದಲ್ಲಿದ್ದಾಳೆ. ಮುಗಿಸಿ ಬಂದು ಬದಿಯಡ್ಕದಲ್ಲೋ ಕುಂಬಳೆಯಲ್ಲೋ ಕ್ಲಿನಿಕ್ ಹಾಕುತ್ತಾಳೆ, ರಾತ್ರಿ ಊಟಕ್ಕೆ ಮನೆಯಲ್ಲಿರುತ್ತಾಳೆ ಅಂತ ಅಪ್ಪನ ಲೆಕ್ಕಾಚಾರ. ಅವಳು ನೋಡಿದರೆ ಎಂಡಿಯ ಮೇಲಿನ ಡಿಎಂ ಪದವಿ ಮಾಡಬೇಕು ಅನ್ನುತ್ತಾಳೆ, ಅದೂ ಪೀಡಿಯಾಟ್ರಿಕ್ ಹೆಮಟಾಲಜಿ ಆಂಕಾಲಜಿ, ಅಂದರೆ ಮಕ್ಕಳ ರಕ್ತದ ಕಾಯಿಲೆ ಮತ್ತು ಕ್ಯಾನ್ಸರ್. ಮಕ್ಕಳ ಕ್ಯಾನ್ಸರ್, ಪದೇಪದೇ ರಕ್ತ ಕೊಡಬೇಕಾಗುವ ಥಲಸ್ಸೇಮಿಯಾ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಎಲ್ಲ ಅದರೊಳಗೇ ಬರುತ್ತದಂತೆ. ಎಂಬಿಬಿಎಸ್ ಐದೂವರೆ ವರ್ಷ, ಎಂಡಿ 3 ವರ್ಷ, ಈಗ ಇನ್ನೂ 3 ವರ್ಷ. ಮತ್ತೆ ಓದಿದ ಮೇಲೆ ಸೇವೆ ಮಾಡಲೇಬೇಕು ಅನ್ನುವ ಬಾಂಡ್ ಬೇರೆ.

ಅಮ್ಮನಿಗೆ ಮದುವೆಯ ಚಿಂತೆ. ಅಪ್ಪ ಹೇಳುವುದು, ದಿನಾ ಮಕ್ಕಳು ಸಾಯುವುದನ್ನು ನೋಡುವ ಕೆಲಸ ಯಾಕೆ ಅಂತ. ನನ್ನ ಪ್ರಶ್ನೆ ಬೇರೆ. ಇಷ್ಟು ಓದಿದ ಮೇಲೆ ನಮ್ಮ ಜಿಲ್ಲೆಯಲ್ಲಿ ಅವಳಿಗೆ ಜಾಗ ಎಲ್ಲುಂಟು? ಮಂಗಳೂರು, ಕೊಚ್ಚಿ ಅಂತ ಹೊರಗೇ ಇರಬೇಕಲ್ವಾ? ಗೊತ್ತಿದ್ದವರು ಹೇಳಿ.

ಉಪ್ಪಳ ಗೇಟ್
ಸ್ಕಿನ್ ಅಥವಾ ರೇಡಿಯಾಲಜಿ ಮಾಡಲಿ. ರಾತ್ರಿ ಫೋನ್ ಬರುವುದಿಲ್ಲ, ದುಡ್ಡೂ ಉಂಟು.

ಕುಂಬಳೆ ಕೋಟೆ
ಎಂಡಿ ಪೀಡಿಯಾಟ್ರಿಕ್ಸ್ ಮುಗಿಸುತ್ತಿರುವವಳಿಗೆ ಸ್ಕಿನ್ ಮಾಡು ಅಂದರೆ ಹೇಗೆ ಮಾರಾಯ? ಪೋಸ್ಟ್ ಪೂರ್ತಿ ಓದಿ ಆಮೇಲೆ ಬರೆ.

ಎರಡನೇ ವರ್ಷದ ಡಿಎಂ
ನಾನು ಇದೇ ವಿಷಯ ಓದುತ್ತಿದ್ದೇನೆ. ಊರು ಮಂಜೇಶ್ವರದ ಹತ್ತಿರ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ಮೊದಲು ನಿಮ್ಮ ಅಪ್ಪನ ಮಾತಿಗೆ. ದಿನಾ ಸಾಯುವುದನ್ನು ನೋಡುವ ಕೆಲಸ ಅಲ್ಲ. ಮಕ್ಕಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ಕ್ಯಾನ್ಸರ್ ಎಎಲ್‌ಎಲ್ ಎಂಬ ರಕ್ತದ ಕ್ಯಾನ್ಸರ್. ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ, ಮುಗಿದ ಮೇಲೆ ಬಹಳಷ್ಟು ಮಕ್ಕಳು ಶಾಲೆಗೆ ಹೋಗಿ ಕ್ರಿಕೆಟ್ ಆಡುತ್ತಾರೆ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇಕಡಾ 80ಕ್ಕಿಂತ ಜಾಸ್ತಿ ಗುಣವಾಗುತ್ತಾರೆ. ಹಲವು ಬಡ ದೇಶಗಳಲ್ಲಿ ಇದು 30ಕ್ಕಿಂತಲೂ ಕೆಳಗೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇದಕ್ಕಾಗಿಯೇ ಒಂದು ಯೋಜನೆ ಶುರು ಮಾಡಿತು, 2030ರೊಳಗೆ ಎಲ್ಲ ಕಡೆ ಕನಿಷ್ಠ ಶೇಕಡಾ 60 ಮಕ್ಕಳಾದರೂ ಉಳಿಯಬೇಕು ಅಂತ. ಮುಖ್ಯ ಔಷಧಗಳು ಎರಡೂ ಕಡೆ ಹೆಚ್ಚುಕಡಿಮೆ ಅವೇ. ವಿನ್‌ಕ್ರಿಸ್ಟಿನ್, ಮೆಥೊಟ್ರೆಕ್ಸೇಟ್, ಸ್ಟೀರಾಯ್ಡ್ ಎಲ್ಲ ಹಳೆಯವು, ತುಂಬಾ ದುಬಾರಿಯೂ ಅಲ್ಲ. ಮಗು ಕೈತಪ್ಪುವುದು ತಡವಾಗಿ ಗೊತ್ತಾಗುವುದರಿಂದ, ಮನೆಯವರು ಅರ್ಧಕ್ಕೆ ಬಿಡುವುದರಿಂದ, ಕೀಮೋ ನಡುವೆ ಬಂದ ಸೋಂಕಿನಿಂದ.

ಇನ್ನು ಕಲಿಕೆ. ಸ್ಲೈಡ್ ಮೇಲೆ ರಕ್ತ ಹರಡಿ ಮೈಕ್ರೋಸ್ಕೋಪಿನಲ್ಲಿ ನಾವೇ ನೋಡುತ್ತೇವೆ. ಸೊಂಟದ ಎಲುಬಿನಿಂದ ಬೋನ್ ಮ್ಯಾರೋ (ಎಲುಬಿನೊಳಗಿನ ಮಜ್ಜೆ) ತೆಗೆಯುತ್ತೇವೆ, ಬೆನ್ನಿನಲ್ಲಿ ಸೂಜಿ ಹಾಕಿ ಕೀಮೋ ಕೊಡುತ್ತೇವೆ. ಬ್ಲಡ್ ಬ್ಯಾಂಕ್, ಪೆಥಾಲಜಿ, ರೇಡಿಯೇಷನ್, ಟ್ರಾನ್ಸ್‌ಪ್ಲಾಂಟ್ ವಾರ್ಡು ಎಲ್ಲ ಸುತ್ತಬೇಕು. ಥೀಸಿಸ್ ಬರೆಯಬೇಕು. ಆದರೆ ನನಗೆ ಕಷ್ಟವಾಗಿದ್ದು ಇವು ಯಾವುದೂ ಅಲ್ಲ. ಸಂಜೆ ಐದಕ್ಕೆ ರಿಪೋರ್ಟ್ ಬಂದಿರುತ್ತದೆ, ಹೊರಗೆ ಅಪ್ಪ ಅಮ್ಮ ಕೂತಿರುತ್ತಾರೆ, ಅವರ ಹತ್ತಿರ ಹೋಗಿ ಮಾತಾಡಬೇಕು. ನಮ್ಮ ಸೀನಿಯರ್ ಮೇಡಂ ಹೇಗೆ ಕೂರುತ್ತಾರೆ, ಎಷ್ಟು ಹೊತ್ತು ಸುಮ್ಮನಿರುತ್ತಾರೆ ಅಂತ ಮೊದಲ ವರ್ಷವಿಡೀ ನೋಡಿ ಕಲಿತೆ.

ಉಪ್ಪಳ ಗೇಟ್
ಸಂಬಳ ಎಷ್ಟು ಅಂತ ಹೇಳಲೇ ಇಲ್ಲ.

ಎರಡನೇ ವರ್ಷದ ಡಿಎಂ
ಸ್ಟೈಪೆಂಡ್ ಕಾಲೇಜಿಗೊಂದು ಥರ. ಮನೆ ಬಾಡಿಗೆ ಕೊಟ್ಟು ಊಟಕ್ಕೆ ತೊಂದರೆ ಇಲ್ಲ, ಕಾರು ತೆಗೆಯುವ ಹಾಗಿಲ್ಲ. ಸಾಕಾ?

ನೀರ್ಚಾಲು ಮಾವ
ದೊಡ್ಡವರ ಕ್ಯಾನ್ಸರ್ ನೋಡುವ ಡಾಕ್ಟರುಗಳು ಮಂಗಳೂರಿನಲ್ಲಿ ಬೇಕಾದಷ್ಟು ಇದ್ದಾರಲ್ಲ. ಅವರೇ ಮಕ್ಕಳಿಗೂ ಸ್ವಲ್ಪ ಕಡಿಮೆ ಡೋಸು ಕೊಟ್ಟರೆ ಆಗದಾ? ಇದಕ್ಕೊಂದು ಬೇರೆ ಪದವಿ ಯಾಕೆ ಅಂತ ನನಗೆ ಅರ್ಥವಾಗಿಲ್ಲ.

ಎರಡನೇ ವರ್ಷದ ಡಿಎಂ
ಒಳ್ಳೆಯ ಪ್ರಶ್ನೆ ಮಾವ. ಕಾಯಿಲೆಯೇ ಬೇರೆ. ದೊಡ್ಡವರಿಗೆ ಬರುವುದು ಹೆಚ್ಚಾಗಿ ಶ್ವಾಸಕೋಶ, ಬಾಯಿ, ಸ್ತನ, ಕರುಳು. ಮಕ್ಕಳಿಗೆ ಬರುವುದು ರಕ್ತದ ಕ್ಯಾನ್ಸರ್, ಮೆದುಳಿನ ಗೆಡ್ಡೆ, ಕಿಡ್ನಿಯಲ್ಲಿ ವಿಲ್ಮ್ಸ್ ಗೆಡ್ಡೆ, ಕಣ್ಣಿನಲ್ಲಿ ರೆಟಿನೋಬ್ಲಾಸ್ಟೋಮಾ. ಫೋಟೋ ತೆಗೆದಾಗ ಮಗುವಿನ ಒಂದು ಕಣ್ಣಿನ ನಡುವೆ ಬೆಳ್ಳಗೆ ಕಂಡರೆ ಅದೇ ವಾರ ಕಣ್ಣಿನ ಡಾಕ್ಟರಿಗೆ ತೋರಿಸಬೇಕು, ಇದನ್ನು ಎಲ್ಲರೂ ನೆನಪಿಡಿ. ಬೆಳೆಯುವ ದೇಹ ಬೇರೆ. ಇವತ್ತು ಕೊಟ್ಟ ಔಷಧ ಇಪ್ಪತ್ತು ವರ್ಷದ ಮೇಲೆ ಹೃದಯಕ್ಕೆ ಏನು ಮಾಡುತ್ತದೆ, ಎತ್ತರ ಬೆಳೆಯುತ್ತದಾ, ಮುಂದೆ ಮಕ್ಕಳಾಗುತ್ತವಾ, ಇದನ್ನೆಲ್ಲ ಮೊದಲ ದಿನವೇ ಯೋಚಿಸಬೇಕು. 70 ವರ್ಷದವರಿಗೆ ಈ ಲೆಕ್ಕ ಬೇಕಾಗುವುದಿಲ್ಲ.

ಸೀತಾಂಗೋಳಿ ಚಿಕ್ಕಮ್ಮ
ಪೆರ್ಲದವರೇ, ತಂಗಿಯನ್ನು ಖಂಡಿತ ಕಳಿಸಿ. ನನ್ನ ಅಕ್ಕನ ಮೊಮ್ಮಗನಿಗೆ ಕಾಲು ನೋವು ಅಂತ ಶುರುವಾಯಿತು. ರಾತ್ರಿ ಅಳುತ್ತಿದ್ದ. ಒಂದು ಕ್ಲಿನಿಕ್ಕಿನಲ್ಲಿ ವಾತ ಅಂದರು, ಮಾತ್ರೆ ಕೊಟ್ಟರು. ಎರಡು ದಿನದಲ್ಲಿ ಮಗು ಓಡಾಡಿತು, ನಾವೆಲ್ಲ ಖುಷಿ. ಆಮೇಲೆ ಪುನಃ ನೋವು, ಜ್ವರ, ಮೈಮೇಲೆ ನೀಲಿ ಕಲೆ. ಮಂಗಳೂರಿಗೆ ಕೊಂಡುಹೋದಾಗ ಅಲ್ಲಿನ ಡಾಕ್ಟರು ಹಳೆಯ ಚೀಟಿ ನೋಡಿ ತಲೆ ಮೇಲೆ ಕೈ ಇಟ್ಟರು. ಆ ಮಾತ್ರೆ ಸ್ಟೀರಾಯ್ಡ್ ಅಂತೆ. ರಕ್ತದ ಕ್ಯಾನ್ಸರ್ ಅದರಡಿಯಲ್ಲಿ ಅಡಗಿ ಕೂತಿತ್ತು. ಈಗ ಹುಡುಗ ಹುಷಾರಾಗಿದ್ದಾನೆ, ದೇವರ ದಯೆ.

ಎರಡನೇ ವರ್ಷದ ಡಿಎಂ
ಚಿಕ್ಕಮ್ಮ, ಇದನ್ನು ನಾವು ತುಂಬಾ ನೋಡುತ್ತೇವೆ. ಎಎಲ್‌ಎಲ್‌ಗೆ ಸ್ಟೀರಾಯ್ಡೇ ಮೊದಲ ಔಷಧಗಳಲ್ಲಿ ಒಂದು. ಹಾಗಾಗಿ ಗೊತ್ತಿಲ್ಲದೆ ಕೊಟ್ಟರೂ ಸ್ವಲ್ಪ ದಿನ ಕಾಯಿಲೆ ತಗ್ಗುತ್ತದೆ, ಆಮೇಲೆ ಬೋನ್ ಮ್ಯಾರೋ ತೆಗೆದರೂ ಸರಿಯಾಗಿ ಗೊತ್ತಾಗುವುದಿಲ್ಲ. ಮಗುವಿಗೆ ಬಿಡದ ಮೂಳೆನೋವು, ಬಿಳಿಚಿಕೊಳ್ಳುವುದು, ಜ್ವರ ಇದ್ದರೆ ಸ್ಟೀರಾಯ್ಡ್ ಬರೆಯುವ ಮೊದಲು ಬ್ಲಡ್ ಕೌಂಟ್ ಮಾಡಿ ಸ್ಮಿಯರ್ (ಸ್ಲೈಡ್ ಮೇಲೆ ಹರಡಿದ ರಕ್ತ) ನೋಡಿದರೆ ಬಹಳ ಸಲ ಸುಳಿವು ಸಿಗುತ್ತದೆ.

ಸ್ವರ್ಗದಿಂದ
ಎಲ್ಲರೂ ಮುಖ್ಯ ವಿಷಯ ಬಿಟ್ಟು ಮಾತಾಡುತ್ತಿದ್ದೀರಿ. ಎಣ್ಮಕಜೆಯ ಗುಡ್ಡಗಳ ಮೇಲೆ ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು, 2000ದವರೆಗೆ. 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಹಾಕಿತು. ಸಂತ್ರಸ್ತರ ಪಟ್ಟಿಯಲ್ಲಿ ಕ್ಯಾನ್ಸರ್ ರೋಗಿಗಳದ್ದೇ ಒಂದು ವಿಭಾಗ ಉಂಟು. ಇಂಥ ಜಿಲ್ಲೆಯಲ್ಲಿ ಮಕ್ಕಳ ಕ್ಯಾನ್ಸರ್ ಡಾಕ್ಟರಿಗೆ ಕೆಲಸ ಉಂಟಾ ಅಂತ ಕೇಳುವ ಪರಿಸ್ಥಿತಿ ಬಂತಲ್ಲ, ನಾಚಿಕೆಯಾಗಬೇಕು ಸರ್ಕಾರಕ್ಕೆ.

ಕುಂಬಳೆ ಕೋಟೆ
ಸರಿ. ಆದರೆ ಜಿಲ್ಲೆಯ ಪ್ರತಿ ಕ್ಯಾನ್ಸರನ್ನೂ ಎಂಡೋಸಲ್ಫಾನ್ ಲೆಕ್ಕಕ್ಕೆ ಹಾಕುವುದು ಬೇಡ. ಅದು ಮುಖ್ಯವಾಗಿ ನರಮಂಡಲಕ್ಕೆ ಹೊಡೆಯುವ ವಿಷ.

ಸ್ವರ್ಗದಿಂದ
ಗೇರುತೋಟದ ಕೆಳಗಿನ ತೋಡಿನ ನೀರು ಕುಡಿದು ಬೆಳೆದಿದ್ದೀರಾ ನೀವು?

ಕುಂಬಳೆ ಕೋಟೆ
ಇಲ್ಲ. ಆದರೂ ಕಾರಣ ಹೇಳುವಾಗ ಲೆಕ್ಕ ಬೇಕು. ಮಕ್ಕಳ ಕ್ಯಾನ್ಸರಿನಲ್ಲಿ ಹೆಚ್ಚಿನ ಕಡೆ ಇಂಥದ್ದೇ ಕಾರಣ ಅಂತ ಬೆರಳು ತೋರಿಸಲು ಆಗುವುದಿಲ್ಲ. ಆಸ್ಪತ್ರೆ ಬೇಕು ಅನ್ನುವುದಕ್ಕೆ ನಾನೂ ಸಹಿ ಹಾಕುತ್ತೇನೆ.

ಎರಡನೇ ವರ್ಷದ ಡಿಎಂ
ಇಬ್ಬರೂ ಸ್ವಲ್ಪ ತಣ್ಣಗಾಗಿ. ಕೋಟೆಯವರು ಹೇಳಿದ್ದು ಸರಿ, ತಂದೆ ತಾಯಿ "ನಾವೇನು ತಪ್ಪು ಮಾಡಿದೆವು" ಅಂತ ಕೇಳಿದಾಗ ನಾವು ಹೇಳುವುದೂ ಅದನ್ನೇ. ಆದರೆ ಇಂಥ ಜಿಲ್ಲೆಯಲ್ಲಿ ಎಷ್ಟು ಮಕ್ಕಳಿಗೆ ಏನು ಬಂತು ಅಂತ ಊರುಊರಿಗೆ ಹೋಗಿ ಬರೆದಿಡುವವರು ಬೇಕು. ಸ್ವರ್ಗದವರ ಸಿಟ್ಟು ನಿಜವಾಗಿ ಅಲ್ಲಿಗೆ ಹೋಗಬೇಕು.

ಅಕ್ಕಲಕೋಟೆ ಜೋಳ
ಬರೆದಿಡುವ ಮಾತು ಬಂತಲ್ಲ, ಹೇಳುತ್ತೇನೆ. ನಮ್ಮ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಿಂದ ಹಳ್ಳಿಗಳ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ, ಮುಂಬೈನ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್‌ನವರ ಬೆಂಬಲದಿಂದ. ದೇಶದ ಹಳ್ಳಿಗಾಡಿನಲ್ಲಿ ಅದೇ ಮೊದಲನೆಯದು. ಬಾರ್ಶಿ ಏನು ದೊಡ್ಡ ಊರಲ್ಲ. ಮನಸ್ಸು ಮಾಡಿದರೆ ಕಾಸರಗೋಡಿನಲ್ಲೂ ಆಗುತ್ತದೆ.

ಆದರೆ ನಮ್ಮ ಕಡೆಯ ಮಕ್ಕಳಿಗೆ ದೊಡ್ಡ ಚಿಕಿತ್ಸೆ ಅಂದರೆ ಕೊನೆಗೆ ಮುಂಬೈಯೇ. ಆ ಆಸ್ಪತ್ರೆ ಇರುವ ಪರೇಲಿನ ಫುಟ್‌ಪಾತ್ ಮೇಲೆ ಮಲಗಿದ ಕುಟುಂಬಗಳನ್ನು ನಾನು ನೋಡಿದ್ದೇನೆ, ತಲೆಗೂದಲು ಉದುರಿದ ಮಗುವನ್ನು ಮಡಿಲಲ್ಲಿ ಹಾಕಿಕೊಂಡು. ಸೇಂಟ್ ಜೂಡ್ ಸಂಸ್ಥೆಯವರು ಪುಕ್ಕಟೆ ಕೋಣೆ ಕೊಡುತ್ತಾರೆ, ಪುಣ್ಯದ ಕೆಲಸ. ಎಲ್ಲರಿಗೂ ಸಿಗುತ್ತದಾ?

ಆದೋನಿ ಹತ್ತಿ
ಮೆಥೊಟ್ರೆಕ್ಸೇಟ್ ಅಂತ ಡಾಕ್ಟರು ಬರೆದರಲ್ಲ, ಅದರ ಹಿಂದೆ ನಮ್ಮ ಭೀಮವರಂನ ಯಲ್ಲಾಪ್ರಗಡ ಸುಬ್ಬರಾವ್ ಇದ್ದಾರೆ. ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ಅವರ ತಂಡ ಅಮಿನೋಪ್ಟೆರಿನ್ ತಯಾರಿಸಿತು, ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟರು. 1948ರಲ್ಲಿ ಫಾರ್ಬರ್ ಪ್ರಕಟಿಸಿದ ಲೆಕ್ಕದಲ್ಲಿ 16 ಮಕ್ಕಳಲ್ಲಿ 10 ಮಕ್ಕಳು ಸ್ವಲ್ಪ ಕಾಲ ಚೇತರಿಸಿಕೊಂಡಿದ್ದರು. ಅಲ್ಲಿಯವರೆಗೆ ಈ ಕಾಯಿಲೆಗೆ ಏನೂ ಇರಲಿಲ್ಲ. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಮೆಥೊಟ್ರೆಕ್ಸೇಟ್ ಅದೇ ಅಮಿನೋಪ್ಟೆರಿನ್ ಜಾತಿಯ ಔಷಧ.

ಉಪ್ಪಳ ಗೇಟ್
ಆದೋನಿಯಲ್ಲಿ ಕೂತು ಕನ್ನಡ ಬರೆಯುತ್ತಾ "ನಮ್ಮ ಭೀಮವರಂ" ಅಂತೀರಲ್ಲ ಸಾರ್ 😀

ಆದೋನಿ ಹತ್ತಿ
ಗಡಿಯವರಿಗೆ ಎರಡೂ ನಮ್ಮದೇ ತಮ್ಮಾ. ನೀವು ಮಂಗಳೂರು ನಮ್ಮದು ಅನ್ನುವುದಿಲ್ವಾ?

ಮುಳ್ಳೇರಿಯ ತಾಯಿ
ಕ್ಯಾನ್ಸರ್ ಬಗ್ಗೆಯೇ ಎಲ್ಲರೂ ಬರೆದಿರಿ, ರಕ್ತದ ಕಾಯಿಲೆ ಬಿಟ್ಟೇ ಹೋಯಿತು. ನನ್ನ ಮಗನಿಗೆ ಹಿಮೋಫಿಲಿಯಾ. ಬಿದ್ದರೆ ಮೊಣಕಾಲು ಊದುತ್ತದೆ, ಒಳಗೆ ರಕ್ತ. ಮೊದಲು ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಇಂಜೆಕ್ಷನ್‌ಗಾಗಿ ಓಡಬೇಕಿತ್ತು. ಈಗ ಕೇರಳದಲ್ಲಿ ಆಶಾಧಾರ ಯೋಜನೆ ಉಂಟು, 18 ವರ್ಷದೊಳಗಿನವರಿಗೆ ರಕ್ತಸ್ರಾವ ತಡೆಯುವ ಎಮಿಸಿಜುಮ್ಯಾಬ್ ಕೊಡುತ್ತೇವೆ ಅಂತ 2024ರಲ್ಲಿ ಹೇಳಿದರು. ಚರ್ಮದ ಕೆಳಗೆ ಹಾಕುವ ಇಂಜೆಕ್ಷನ್, ನರ ಹುಡುಕುವ ಗೋಳಿಲ್ಲ. ಶಾಲೆ ತಪ್ಪುವುದು ನಿಂತಿದೆ.

ಔಷಧ ಬಂತು, ಮಾತಾಡುವವರು ಇಲ್ಲ. ಹಲ್ಲು ಕೀಳಿಸಬೇಕಿದ್ದರೆ ಯಾರನ್ನು ಕೇಳಬೇಕು? ಜಗುಲಿಯಿಂದ ಬಿದ್ದು ತಲೆಗೆ ಪೆಟ್ಟಾದರೆ ಮೊದಲು ಎಲ್ಲಿಗೆ? ಒಮ್ಮೆ ಹತ್ತಿರದ ಆಸ್ಪತ್ರೆಯೊಂದರಲ್ಲಿ ಸೊಂಟಕ್ಕೆ ಇಂಜೆಕ್ಷನ್ ಹಾಕಲು ಹೊರಟರು, ಹಿಮೋಫಿಲಿಯಾ ಇದ್ದವರಿಗೆ ಮಾಂಸಖಂಡಕ್ಕೆ ಹಾಗೆ ಚುಚ್ಚಬಾರದು ಅಂತ ನಾನೇ ಹೇಳಬೇಕಾಯಿತು. ಪೆರ್ಲದ ಡಾಕ್ಟರಮ್ಮ ಬರಲಿ. ಬದಿಯಡ್ಕದಲ್ಲಿ ವಾರಕ್ಕೊಂದು ದಿನ ಕೂತರೂ ಸಾಕು ನನಗೆ.

ಹೊಸೂರು ಸಿಪ್ಕಾಟ್
ನಮ್ಮದು ತಮಿಳುನಾಡು ಅಂತ ಹೆಸರಿಗೆ ಅಷ್ಟೆ, ಏನೇ ಆದರೂ ಬೆಂಗಳೂರು. ಅಲ್ಲಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗವೇ ಬೇರೆ ಉಂಟು, ಕಾರಿಡಾರಿನಲ್ಲಿ ನಿಂತರೆ ತಮಿಳು, ತೆಲುಗು, ಕನ್ನಡ, ಉರ್ದು ಎಲ್ಲ ಕೇಳುತ್ತದೆ. ಥಲಸ್ಸೇಮಿಯಾದ ಮಕ್ಕಳನ್ನು ವೆಲ್ಲೂರಿಗೆ ಕರೆದುಕೊಂಡು ಹೋಗುವವರೂ ಇದ್ದಾರೆ. ಅಲ್ಲಿನ ಸಿಎಂಸಿ ಆಸ್ಪತ್ರೆಯಲ್ಲಿ 1986ರಲ್ಲೇ ಥಲಸ್ಸೇಮಿಯಾಕ್ಕೆ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಶುರುವಾಗಿತ್ತು.

ಕಾಞಂಗಾಡು ರೈಲು
ಕಾಸರಗೋಡಿನವರು ಮಂಗಳೂರು ಬಿಟ್ಟರೆ ದಿಕ್ಕಿಲ್ಲ ಅನ್ನುವ ಹಾಗೆ ಮಾತಾಡುವುದು ಯಾಕೆ? ತಲಶ್ಶೇರಿಯಲ್ಲಿ ಮಲಬಾರ್ ಕ್ಯಾನ್ಸರ್ ಸೆಂಟರ್ ಉಂಟಲ್ಲ. ಸರ್ಕಾರದ್ದು. ಸರ್ಕಾರದ ಕಾರುಣ್ಯ ಆರೋಗ್ಯ ಕಾರ್ಡಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ತಿರುವನಂತಪುರದ ಆರ್‌ಸಿಸಿ ಕ್ಯಾನ್ಸರ್ ಆಸ್ಪತ್ರೆ ದೂರ ಅಂತಾದರೂ ಹೇಳಬಹುದು, ರಾತ್ರಿಯಿಡೀ ಮಲಬಾರ್ ಎಕ್ಸ್‌ಪ್ರೆಸ್.

ಬದಿಯಡ್ಕ ಸೇತುವೆ
ತಲಶ್ಶೇರಿ ಒಳ್ಳೆಯದೇ. ನಮ್ಮ ಅತ್ತೆಗೆ ಮಲಯಾಳ ಬರುವುದಿಲ್ಲ, ತುಳು ಮತ್ತು ಕನ್ನಡ ಮಾತ್ರ. ಮನೆಗೆ ಕೊಡುವ ಮಾತ್ರೆ ದಿನಾ ಒಂದು, ಶುಕ್ರವಾರ ಬೇರೆ ಮಾತ್ರೆ, ಜ್ವರ ಬಂದರೆ ನಿಲ್ಲಿಸಿ ಫೋನ್ ಮಾಡಿ, ಇಷ್ಟನ್ನು ಅವರಿಗೆ ಅರ್ಥ ಮಾಡಿಸಲು ವಾರ್ಡಿನಲ್ಲಿದ್ದ ಉಪ್ಪಳದ ಬ್ಯಾರಿ ಹೆಂಗಸೊಬ್ಬರು ಬೇಕಾಯಿತು. ಸಹಿ ಹಾಕುವ ಕಾಗದವೂ ಮಲಯಾಳ, ಇಂಗ್ಲಿಷ್. ಕೇರಳದಲ್ಲಿ ಕನ್ನಡ ಬಲ್ಲ ಡಾಕ್ಟರು ಒಬ್ಬರು ಈ ವಿಷಯ ಓದಿದರೆ ನಮಗೆ ಎಷ್ಟು ಉಪಕಾರ ಅಂತ ಕಾಞಂಗಾಡಿನವರಿಗೆ ಹೇಗೆ ಗೊತ್ತಾಗಬೇಕು.

ಕಾಞಂಗಾಡು ರೈಲು
ನಾನೂ ಕನ್ನಡದವನೇ ಮಾರಾಯ್ರೇ, ಇಲ್ಲಿ ಅಂಗಡಿ ಇಟ್ಟಿದ್ದೇನೆ ಅಷ್ಟೆ.

ತಲಪಾಡಿ ಈಚೆ
2020ರ ಮಾರ್ಚಿನ ಕೋವಿಡ್ ಲಾಕ್‌ಡೌನ್ ಮರೆತಿದ್ದೀರಾ? ಕರ್ನಾಟಕದವರು ಗಡಿಯ ರಸ್ತೆಗೆ ಮಣ್ಣು ಹಾಕಿದರು. ತಲಪಾಡಿಯಲ್ಲಿ ಆಂಬುಲೆನ್ಸ್ ನಿಂತಿತ್ತು. ಮಂಗಳೂರು 50 ಕಿಲೋಮೀಟರ್ ಅಂತ ನೆಚ್ಚಿಕೊಂಡು ಕೂತರೆ ಆಗುವುದು ಅದೇ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಹಾಕಿ, 2025ರಲ್ಲಿ 50 ಎಂಬಿಬಿಎಸ್ ಸೀಟಿಗೆ ಅನುಮತಿ ಸಿಕ್ಕಿತು. ಅಲ್ಲಿ ಮಕ್ಕಳ ಕ್ಯಾನ್ಸರ್ ವಿಭಾಗ ಬರುವಾಗ ಪೆರ್ಲದವರ ತಂಗಿ ರಿಟೈರ್ ಆಗಿರುತ್ತಾಳೆ.

ಕೀಮೋ ಸಿಸ್ಟರ್
ನಾನು ನರ್ಸ್, ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ. ಎಲ್ಲರೂ ಡಾಕ್ಟರು ಡಾಕ್ಟರು ಅಂತೀರಿ. ವಿನ್‌ಕ್ರಿಸ್ಟಿನ್ ರಕ್ತನಾಳಕ್ಕೆ ಮಾತ್ರ ಹಾಕಬೇಕು, ತಪ್ಪಿ ಬೆನ್ನಿನೊಳಗೆ ಹಾಕಿದರೆ ಮಗು ಉಳಿಯುವುದು ತೀರಾ ಅಪರೂಪ. ಅದಕ್ಕೇ ಅದನ್ನು ಸಿರಿಂಜಿನಲ್ಲಿ ಇಡದೆ ಸಣ್ಣ ಬ್ಯಾಗಿನಲ್ಲಿ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆನ್ನಿನ ಇಂಜೆಕ್ಷನ್ ನಡೆಯುವ ಕೋಣೆಗೆ ಅದು ಬರಲೇಬಾರದು. ಇದನ್ನು ಕಾಯುವುದು ಯಾರು? ನಾವು. ಹೊಸ ಡಿಎಂಗಳು ಬಂದಾಗ ಅವರಿಗೆ ಮೊದಲ ತಿಂಗಳು ಪಾಠ ಮಾಡುವುದೂ ನಾವೇ, ಒಪ್ಪಿಕೊಳ್ಳುವುದಿಲ್ಲ ಅಷ್ಟೆ.

ಎರಡನೇ ವರ್ಷದ ಡಿಎಂ
ಒಪ್ಪಿಕೊಂಡೆ ಸಿಸ್ಟರ್. ಚಿಕ್ಕ ಮಗುವಿಗೆ ನರ ಹುಡುಕುವುದನ್ನು ಪ್ರೊಫೆಸರ್ ಕಲಿಸಲಿಲ್ಲ.

ನೀರ್ಚಾಲು ಮಾವ
ಎಲ್ಲ ಸರಿ. ಕಾಸರಗೋಡಿನಲ್ಲಿ ಕೆಲಸ ಉಂಟಾ ಅಂತ ಕೇಳಿದ್ದಕ್ಕೆ ಉತ್ತರ ಎಲ್ಲಿ?

ಎರಡನೇ ವರ್ಷದ ಡಿಎಂ
ನೇರ ಹೇಳುತ್ತೇನೆ. ಡಿಎಂ ಮುಗಿಸಿ ಬಂದು ಮರುದಿನವೇ ಬದಿಯಡ್ಕದಲ್ಲಿ ಎಎಲ್‌ಎಲ್ ಚಿಕಿತ್ಸೆ ಶುರು ಮಾಡಲು ಆಗುವುದಿಲ್ಲ, ಮಾಡಲೂಬಾರದು. ರಕ್ತಕಣದ ಬಗೆ ಗುರುತಿಸುವ ಫ್ಲೋ ಸೈಟೋಮೆಟ್ರಿ ಪರೀಕ್ಷೆ, ಪ್ಲೇಟ್‌ಲೆಟ್ ಕೊಡುವ ಬ್ಲಡ್ ಬ್ಯಾಂಕ್, ಮಕ್ಕಳ ಐಸಿಯು, ರಾತ್ರಿಯೂ ಇರುವ ತಂಡ ಬೇಕು. ಅದು ದೊಡ್ಡ ಸೆಂಟರಿನ ಕೆಲಸ.

ಆದರೆ ದೊಡ್ಡ ಸೆಂಟರಿನಲ್ಲಿ ಮಗು ಇರುವುದು ಸ್ವಲ್ಪ ದಿನ, ಉಳಿದ ತಿಂಗಳುಗಳು ಮನೆಯಲ್ಲಿ. ಬಿಳಿ ರಕ್ತಕಣ ಇಳಿದಾಗ ಜ್ವರ ಬಂದರೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ರಕ್ತನಾಳಕ್ಕೆ ಹೋಗಬೇಕು. ಪೆರ್ಲದಿಂದ ಮಂಗಳೂರಿಗೆ ಹೊರಟರೆ ಆ ಗಂಟೆ ದಾರಿಯಲ್ಲೇ ಮುಗಿಯುತ್ತದೆ, ತಲಶ್ಶೇರಿಗಂತೂ ಹೇಳುವುದೇ ಬೇಡ. ಊರಿನ ಹತ್ತಿರದ ಆಸ್ಪತ್ರೆಯಲ್ಲಿ ಮೊದಲ ಡೋಸ್ ಹಾಕಿ, ರಕ್ತ ಕಲ್ಚರಿಗೆ ತೆಗೆದು, ಆಮೇಲೆ ಕಳಿಸಿದರೆ ಮಗು ಉಳಿಯುತ್ತದೆ. ಮನೆಯಲ್ಲಿ ತಿನ್ನುವ ಮಾತ್ರೆಯ ಡೋಸು ಕೌಂಟ್ ನೋಡಿ ಏರಿಸುವುದು ಇಳಿಸುವುದು, ಥಲಸ್ಸೇಮಿಯಾ ಮಕ್ಕಳಿಗೆ ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡುವುದು, ಅದರಿಂದ ಮೈಯಲ್ಲಿ ಸೇರುವ ಕಬ್ಬಿಣದಂಶ ತೆಗೆಯುವ ಔಷಧ ನೋಡಿಕೊಳ್ಳುವುದು, ಇವೆಲ್ಲ ಜಿಲ್ಲೆಯಲ್ಲೇ ಆಗುವ ಕೆಲಸ. ಇಂಗ್ಲೆಂಡಿನಲ್ಲಿ ದೊಡ್ಡ ಸೆಂಟರ್ ಮತ್ತು ಊರಿನ ಆಸ್ಪತ್ರೆ ಹೀಗೆಯೇ ಕೆಲಸ ಹಂಚಿಕೊಳ್ಳುತ್ತವೆ. ಒಬ್ಬರು ತಿಳಿದವರು ಮಂಗಳೂರಿನಲ್ಲೋ ತಲಶ್ಶೇರಿಯಲ್ಲೋ ಇದ್ದು ಇಲ್ಲಿನ ಮಕ್ಕಳ ಡಾಕ್ಟರು, ನರ್ಸುಗಳನ್ನು ತಯಾರು ಮಾಡಿ ವಾರಕ್ಕೊಮ್ಮೆ ಬಂದು ಹೋದರೆ ಜಿಲ್ಲೆಯ ಚಿತ್ರವೇ ಬೇರೆಯಾಗುತ್ತದೆ.

ಸ್ವರ್ಗದಿಂದ
ಅಂದರೆ ನಮಗೆ ಯಾವಾಗಲೂ ವಾರಕ್ಕೊಮ್ಮೆ ಬರುವ ಡಾಕ್ಟರು. ಪೂರ್ತಿ ಆಸ್ಪತ್ರೆ ಕೇಳಬಾರದು. ಈ ಹಂಚಿಕೊಳ್ಳುವ ಮಾತು ಸರ್ಕಾರಕ್ಕೆ ತುಂಬಾ ಇಷ್ಟವಾಗುತ್ತದೆ ನೋಡಿ, ಖರ್ಚಿಲ್ಲವಲ್ಲ.

ಕೀಮೋ ಸಿಸ್ಟರ್
ಕೇಳಿ, ಯಾರು ಬೇಡ ಅಂದರು? ಆಸ್ಪತ್ರೆ ಬರುವವರೆಗೆ ಜ್ವರ ಕಾಯುವುದಿಲ್ಲ, ಅಷ್ಟೇ ನಮ್ಮ ಮಾತು.

ಮುಳ್ಳೇರಿಯ ತಾಯಿ
ಸಿಸ್ಟರ್ ಹೇಳಿದ್ದು ಸರಿ. ಸ್ವರ್ಗದವರು ಹೇಳಿದ್ದೂ ಸರಿ.

ರಕ್ತದಾನಿ ಓ ಪಾಸಿಟಿವ್
ನಡುವೆ ಒಂದು ಮಾತು. ಪ್ಲೇಟ್‌ಲೆಟ್ ಬರೀ 5 ದಿನ ಇಡಬಹುದು, ಹಾಗಾಗಿ ಸ್ಟಾಕ್ ಇಡಲು ಆಗುವುದಿಲ್ಲ. ಕೀಮೋ ಮಕ್ಕಳಿಗೆ ಪದೇಪದೇ ಬೇಕು. ಮಂಗಳೂರಿನಲ್ಲಿ ಓದುವ, ಕೆಲಸ ಮಾಡುವ ನಮ್ಮ ಹುಡುಗರು ಬ್ಲಡ್ ಬ್ಯಾಂಕಿನಲ್ಲಿ ಹೆಸರು ಕೊಟ್ಟಿಡಿ. ಮೆಶಿನಿನಲ್ಲಿ ಪ್ಲೇಟ್‌ಲೆಟ್ ಮಾತ್ರ ತೆಗೆದು ಉಳಿದ ರಕ್ತ ವಾಪಸ್ ಬಿಡುತ್ತಾರೆ, ಹೆದರಬೇಡಿ. ಬಿರಿಯಾನಿ ಪಾರ್ಟಿ ನನ್ನದು.

ಉಪ್ಪಳ ಗೇಟ್
ಬಿರಿಯಾನಿ ಉಂಟಾದರೆ ನನ್ನ ಹೆಸರು ಬರೆಯಿರಿ. ತಮಾಷೆ ಅಲ್ಲ, ಬಿ ಪಾಸಿಟಿವ್.

ಪೆರ್ಲದ ಅಣ್ಣ
ಎಲ್ಲವನ್ನೂ ತಂಗಿಗೆ ಕಳಿಸಿದೆ. ಅವಳು ಓದಿ, ಮುಳ್ಳೇರಿಯ ಅಕ್ಕನ ಪೋಸ್ಟ್ ಅಪ್ಪನಿಗೂ ಓದಿ ಹೇಳಿದಳು. ಅಪ್ಪ ಕೇಳಿದ್ದು ಒಂದೇ, ಕ್ಯಾನ್ಸರ್ ಡಾಕ್ಟರಾದರೆ ಸಾಮಾನ್ಯ ಮಕ್ಕಳು ಅವಳ ಹತ್ತಿರ ಬರುತ್ತಾರಾ ಇಲ್ವಾ? ಪರೀಕ್ಷೆ ಬಗ್ಗೆಯೂ ಯಾರಾದರೂ ಹೇಳಿ.

ಎರಡನೇ ವರ್ಷದ ಡಿಎಂ
ಬರುತ್ತಾರೆ. ಓಪಿಡಿಯಲ್ಲಿ ರಕ್ತಹೀನತೆ, ಪ್ಲೇಟ್‌ಲೆಟ್ ಇಳಿದದ್ದು, ಕುತ್ತಿಗೆಯಲ್ಲಿ ಗಂಟು ಅಂತ ಹೆದರಿಕೊಂಡು ಬಂದವರು ತುಂಬಾ, ಅದರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದೇ ಇಲ್ಲ. ಇಲ್ಲ ಅಂತ ಧೈರ್ಯವಾಗಿ ಹೇಳುವುದೂ ಈ ಓದಿನದ್ದೇ ಭಾಗ.

ಡಿಎಂ ಸೇರಲು ಪರೀಕ್ಷೆ ಎರಡು. ನೀಟ್ ಎಸ್‌ಎಸ್ ಒಂದು. ಏಮ್ಸ್, ಚಂಡೀಗಢದ ಪಿಜಿಐ ಥರದ ಸಂಸ್ಥೆಗಳಿಗೆ ಐಎನ್‌ಐ ಎಸ್‌ಎಸ್, ಅದು ವರ್ಷಕ್ಕೆ ಎರಡು ಸಲ. ಡಿಎಂ ಸಿಗದಿದ್ದರೆ ನ್ಯಾಷನಲ್ ಬೋರ್ಡಿನ 2 ವರ್ಷದ ಫೆಲೋಶಿಪ್ ದಾರಿಯೂ ಉಂಟು. ಸೀಟು ಆರಿಸುವಾಗ ಹೆಸರು ನೋಡಬೇಡಿ ಅನ್ನಿ. ಆ ವಿಭಾಗದಲ್ಲಿ ವರ್ಷಕ್ಕೆ ಎಷ್ಟು ಹೊಸ ಮಕ್ಕಳು ಬರುತ್ತಾರೆ, ಟ್ರಾನ್ಸ್‌ಪ್ಲಾಂಟ್ ನಡೆಯುತ್ತದಾ, ಹೆಮಟಾಲಜಿ ಮತ್ತು ಕ್ಯಾನ್ಸರ್ ಎರಡೂ ಕೈಗೆ ಸಿಗುತ್ತದಾ, ಈಗಿರುವ ರೆಸಿಡೆಂಟುಗಳು ನಿದ್ದೆ ಮಾಡುತ್ತಾರಾ, ಇದನ್ನು ಫೋನ್ ಮಾಡಿ ಕೇಳಲಿ. ನನ್ನ ನಂಬರ್ ಖಾಸಗಿಯಾಗಿ ಕಳಿಸುತ್ತೇನೆ.

ಕಾಞಂಗಾಡು ರೈಲು
ಬಾಂಡ್ ಕಾಗದ ಮಾತ್ರ ಸಹಿ ಹಾಕುವ ಮೊದಲೇ ಪೂರ್ತಿ ಓದಲಿ. ಒಂದೊಂದು ರಾಜ್ಯಕ್ಕೆ ಒಂದೊಂದು ಶರತ್ತು, ಬಿಟ್ಟು ಬಂದರೆ ಕಟ್ಟಬೇಕಾದ ಮೊತ್ತವೂ ಬೇರೆ ಬೇರೆ. ಬಾಂಡ್ ಸೇವೆ ಯಾವ ಜಿಲ್ಲೆಯಲ್ಲಿ ಅಂತ ಬರವಣಿಗೆಯಲ್ಲಿ ಕೇಳಲಿ. ಕೇರಳದ ಸೀಟು ಸಿಕ್ಕಿದರೆ ಸೇವೆಗೆ ಕಾಸರಗೋಡು ಕೊಡಿ ಅಂತ ಈಗಲೇ ಅರ್ಜಿ ಬರೆದಿಟ್ಟುಕೊಳ್ಳಲಿ, ಈ ಜಿಲ್ಲೆಗೆ ಬರುತ್ತೇನೆ ಅನ್ನುವವರಿಗೆ ಪೈಪೋಟಿ ಇಲ್ಲ.